ಆಮೆ ಕತೆಯ ಕೊನೆಯ ರಟ್ಟು

ಜಲಜ ಗೋವರ್ಧನನನ್ನು ಮೊದಲ ಸಲ ಕಂಡದ್ದು ಕುಂದಾಪುರದಿಂದ ಗಂಗೊಳ್ಳಿಗೆ ದಾಟುವ ಕಡವಿನ ದೋಣಿಯಲ್ಲಿ. ೨೦೦೩ನೇ ಇಸವಿ. ಶಾಲೆ ಶುರುವಾಗಿ ಸ್ವಲ್ಪ ದಿನವಾಗಿತ್ತು. ಬೆಳಗಿನಿಂದ ಸುರಿದ ಮಳೆ ಆಗಷ್ಟೇ ಹೊಳವಾಗಿತ್ತು. ಪೇಟೆಯಲ್ಲಿ ಒಣಮೀನು ಮಾರಿ ಮುಗಿಸಿದ ಅವಳು ಖಾಲಿ ಬುಟ್ಟಿಯನ್ನು ಮೊಣಕಾಲ ಮೇಲೆ ಕವುಚಿಕೊಂಡು ಕೂತಿದ್ದಳು. ಎದುರಿನ ಹಲಗೆಯ ಮೇಲೆ ಒಬ್ಬ ಗಂಡಸು, ನಲವತ್ತರ ಆಚೀಚೆ. ಬಲಗಾಲನ್ನು ಮಡಚಲಾಗದೆ ನೇರವಾಗಿ ಚಾಚಿದ್ದ. ಟಾರ್ಪಾಲಿನ ತುಂಡಿನಲ್ಲಿ ಸುತ್ತಿದ ಚೌಕದ ಪೆಟ್ಟಿಗೆಯೊಂದನ್ನು ಬಾಣಂತಿ ಮಗುವನ್ನು ಹಿಡಿದ ಹಾಗೆ ಎದೆಗೆ ಒತ್ತಿ ಹಿಡಿದಿದ್ದ. ದೋಣಿಯ ತಳದಲ್ಲಿ ನಿಂತ ನೀರು ಅವನ ಚಪ್ಪಲಿಯನ್ನು ತೇಲಿಸುತ್ತಿದ್ದರೂ ಅವನ ಗಮನ ಪೆಟ್ಟಿಗೆಯ ಮೇಲೇ ಇತ್ತು. ಕೂದಲು ಹೆಗಲ ತನಕ ಇಳಿದಿತ್ತು. ಹುಬ್ಬು ಹೆಂಗಸರ ಹುಬ್ಬಿನಂತೆ ತೆಳ್ಳಗಿತ್ತು.

ಜಲಜಳ ಬಾಯಿ ಸುಮ್ಮನಿರಲಿಲ್ಲ.

"ಹ್ವಾಯ್ ಅಣ್ಣ, ಪೆಟ್ಗ್ಯಂಗೆ ಎಂತ? ಹಾವಾ?"

"ಅಲ್ಲಕ್ಕ. ಜಪಾನ್."

"ಜಪಾನಾ! ಇಷ್ಟ್ ಸಣ್ಣದಾ?"

ದೋಣಿಯಲ್ಲಿದ್ದವರೆಲ್ಲ ನಕ್ಕರು. ಅವನೂ ನಕ್ಕ. ಗಂಗೊಳ್ಳಿಯ ಶಾಲೆಯ ದಾರಿ ಕೇಳಿದ. ಮಗಳು ಚೇತನಾ ಅದೇ ಶಾಲೆಯಲ್ಲಿ ಒಂದನೇ ತರಗತಿಯಲ್ಲಿದ್ದಾಳೆ, ನಾನೇ ತೋರಿಸುತ್ತೇನೆ ಅಂದಳು ಜಲಜ. ಕುಂಟುವ ಅವನ ನಡಿಗೆಗೆ ತನ್ನ ನಡಿಗೆಯನ್ನು ಹೊಂದಿಸಿಕೊಂಡು ಶಾಲೆಯ ತನಕ ಹೋದಳು. ಹೋದವಳು ಹಿಂದೆ ಬರಲಿಲ್ಲ. ಬುಟ್ಟಿಯನ್ನು ಸೊಂಟಕ್ಕೆ ಆನಿಸಿ ಕಿಟಕಿಯ ಹೊರಗೆ ನಿಂತುಬಿಟ್ಟಳು.

ಅವನು ಮೇಜಿನ ಮೇಲೆ ಪೆಟ್ಟಿಗೆಯಿಟ್ಟು ಟಾರ್ಪಾಲು ಬಿಚ್ಚಿದ. ಮರದ ಪೆಟ್ಟಿಗೆ, ಹಿಂದುಗಡೆ ಬಯಲು, ಮುಂದುಗಡೆ ಪುಟ್ಟ ಮನೆಯ ಹಾಗೆ ಎರಡು ಬಾಗಿಲು. ಜೋಳಿಗೆಯಿಂದ ಗೇಣುದ್ದದ ಎರಡು ಕಟ್ಟಿಗೆ ತುಂಡು ತೆಗೆದು ಒಂದಕ್ಕೊಂದು ಹೊಡೆದ. ಟಕ್. ಟಕ್. ಟಕಟಕಟಕ. ಗಲಾಟೆ ಮಾಡುತ್ತಿದ್ದ ಮಕ್ಕಳು ತಟಕ್ಕನೆ ಸುಮ್ಮನಾದರು. ಬಾಗಿಲು ತೆರೆದರೆ ಒಳಗೆ ಚಿತ್ರ: ಹಿಮ ಬಿದ್ದ ಗುಡಿಸಲು, ಗಾಯಗೊಂಡ ಒಂದು ಬಿಳಿ ಕೊಕ್ಕರೆ. ಕತೆ ಮುಂದುವರಿದಂತೆ ಒಂದೊಂದೇ ರಟ್ಟನ್ನು ಬದಿಯಿಂದ ಎಳೆದು ಮಡಿಲಲ್ಲಿಟ್ಟುಕೊಳ್ಳುತ್ತಿದ್ದ. ಅದರ ಹಿಂದಿನ ಚಿತ್ರ ಮೆಲ್ಲಗೆ ಕಾಣಿಸಿಕೊಳ್ಳುತ್ತಿತ್ತು. ಕೊಕ್ಕರೆ ಹೆಣ್ಣಾಗಿ ಬಂದು, ತನ್ನನ್ನು ಬದುಕಿಸಿದವನ ಮನೆಯಲ್ಲಿ ತನ್ನ ಗರಿಯನ್ನೇ ಕಿತ್ತು ಬಟ್ಟೆ ನೇಯುವ ಕತೆ ಅದು. "ನಾನು ನೇಯುವಾಗ ಇಣುಕಬೇಡಿ" ಎಂದು ಅವಳು ಬೇಡುವ ಮಾತು ಬಂದಾಗ ಜಲಜಳ ಮೈ ಜುಮ್ಮೆಂದಿತು. ಆ ಗಂಡಸಿನ ಬಾಯಿಂದ ಬಂದದ್ದು ಶುದ್ಧ ಹೆಂಗಸಿನ ಸ್ವರ.

ಗಂಡ ಇಣುಕಿದ, ಕೊಕ್ಕರೆ ಹಾರಿಹೋಯಿತು. ಕೊನೆಯ ರಟ್ಟನ್ನು ಎಳೆಯದೆ ಅದರ ಮೇಲೆಯೇ ಬಾಗಿಲು ಮುಚ್ಚಿದ ಗೋವರ್ಧನ ಕೈಮುಗಿದು, ಯಕ್ಷಗಾನದ ಆಟ ಮುಗಿದಾಗ ಹಾಡುವಂತೆ ಮಂಗಳ ಹಾಡಿದ. ಮಕ್ಕಳೂ ಕೈಮುಗಿದರು.

ಹೊರಗೆ ಬಂದಾಗ ಜಲಜ ಕೇಳಿದಳು, "ಅಲ್ಲ ಅಣ್ಣ, ಹೆಂಡ್ತಿ ಹಾರಿ ಹೋಯ್ತ್. ಗಂಡ ಬಾಯ್ ಬಿಟ್ಕಂಡ್ ಕೂತ. ಅದ್ಕ್ ಮಂಗಳ ಎಂತಕೆ?"

"ಆಟ ಮುಗ್ದ್ ಮೇಲೆ ಮಂಗಳ ಹಾಡ್ದೆ ಏಳುಕಾಗ ಅಕ್ಕ. ಬಣ್ಣ ತೆಗೀದೆ ಮನಿಗ್ ಹೋದಂಗ್ ಆತ್ತ್."

ಅಷ್ಟರಲ್ಲಿ ಚೇತನಾ ಅವನ ಜೋಳಿಗೆಯೊಳಗೆ ತಲೆ ಹಾಕಿದ್ದಳು. ಕೆಂಪು ದಾರ ಕಟ್ಟಿದ ಇನ್ನೊಂದು ಕಟ್ಟು ಅಲ್ಲಿತ್ತು. ಮೇಲಿನ ಚಿತ್ರದಲ್ಲಿ ಒಬ್ಬ ಮೀನುಗಾರ, ಒಂದು ದೊಡ್ಡ ಆಮೆ.

"ಆಮಿ ಕತಿ ಹೇಳ್ಲೇ ಇಲ್ಲ!"

ಗೋವರ್ಧನ ಮೆಲ್ಲಗೆ ಕಟ್ಟನ್ನು ಬಿಡಿಸಿಕೊಂಡ. "ಅದ್ ಇಲ್ಲಿ ಬ್ಯಾಡ ಮಗಾ. ಕಡಲ್ ಬದ್ಯಂಗೆ ಹೇಳು ಕತಿ ಅಲ್ಲ ಅದ್."

ಅವನ ಹಿಂದಿನ ಕತೆ ಜಲಜಳಿಗೆ ಆಮೇಲೆ ಸ್ವಲ್ಪ ಸ್ವಲ್ಪವಾಗಿ ತಿಳಿಯಿತು. ಗೋವರ್ಧನ ಕೋಟದ ಹತ್ತಿರದವನು. ಹದಿನೈದರ ಪ್ರಾಯಕ್ಕೇ ಯಕ್ಷಗಾನ ಮೇಳ ಸೇರಿ ಸ್ತ್ರೀವೇಷಕ್ಕೆ ಹೆಸರಾಗಿದ್ದ. ೧೯೯೭ರಲ್ಲಿ ಶಿರೂರಿನ ಒಂದು ಆಟದಲ್ಲಿ ರಂಗಸ್ಥಳದ ಹಲಗೆ ಮುರಿದು ಮೊಣಕಾಲ ಚಿಪ್ಪು ಒಡೆಯಿತು. ಕುಣಿಯುವ ಕಾಲು ಹೋದರೆ ಸ್ತ್ರೀವೇಷದವನಿಗೆ ಉಳಿಯುವುದೇನು? ಮರುವರ್ಷ ಹಾರುಕೊ ಎಂಬ ಜಪಾನಿನ ಹೆಣ್ಣುಮಗಳು ಯಕ್ಷಗಾನದ ಹೆಜ್ಜೆ ಕಲಿಯಲು ಸಾಲಿಗ್ರಾಮಕ್ಕೆ ಬಂದಳು. ಗೋವರ್ಧನ ಮಣೆಯ ಮೇಲೆ ಕೂತು ಅವಳ ಕೈ, ಕಣ್ಣು ತಿದ್ದಿದ. ಸಂಜೆ ಹೊತ್ತಿಗೆ ಅವಳು ಕೇರಿಯ ಮಕ್ಕಳನ್ನು ಸೇರಿಸಿ ತನ್ನ ಊರಿನ ಕತೆಗಳನ್ನು ಈ ಪೆಟ್ಟಿಗೆಯಲ್ಲಿ ತೋರಿಸುತ್ತಿದ್ದಳು. ಅವರ ಭಾಷೆಯಲ್ಲಿ ಅದಕ್ಕೆ ಕಾಮಿಶಿಬಾಯಿ ಎಂದು ಹೆಸರು, ಹಾಗೆಂದರೆ ಕಾಗದದ ಆಟ. ಹೋಗುವಾಗ ಪೆಟ್ಟಿಗೆಯನ್ನೂ ನಾಲ್ಕು ಕತೆಯ ಕಟ್ಟುಗಳನ್ನೂ ಅವನಿಗೆ ಕೊಟ್ಟು ಹೋದಳು. ರಟ್ಟುಗಳ ಹಿಂದೆ ಬರೆದ ಅಕ್ಷರ ಅವನಿಗೆ ಬರುವುದಿಲ್ಲ. ಅವಳ ಮುರುಕು ಕನ್ನಡದಲ್ಲಿ ಕೇಳಿದ್ದೇ ಪಾಠ. ಉಳಿದ ಮಾತನ್ನು ಮೇಳದಲ್ಲಿ ಭಾಗವತರ ಪದಕ್ಕೆ ಅರ್ಥ ಹೇಳಿದ ಹಾಗೆ ತಾನೇ ಕಟ್ಟಿಕೊಂಡ. ಬೇಸಿಗೆಯಲ್ಲಿ ಮೇಳದ ಬಣ್ಣದ ಮನೆಯಾದ ಚೌಕಿಯಲ್ಲಿ ಬೇರೆಯವರಿಗೆ ವೇಷ ಕಟ್ಟುವುದು, ಮೇಳ ತಿರುಗಾಟ ನಿಲ್ಲಿಸುವ ಮಳೆಗಾಲದಲ್ಲಿ ಬ್ರಹ್ಮಾವರದಿಂದ ಬೈಂದೂರಿನ ತನಕ ಶಾಲೆಗಳನ್ನು ಸುತ್ತುವುದು. ಹೀಗೆ ಅವನ ಬದುಕು ಒಂದು ದಾರಿಗೆ ಬಂದಿತ್ತು.

ಆ ಸಂಜೆ ಚೇತನಾ ಬಿಸ್ಕತ್ತಿನ ರಟ್ಟಿನ ಪೆಟ್ಟಿಗೆ ಕತ್ತರಿಸಿ ಬಾಗಿಲು ಮಾಡಿದಳು. ಜಲಜಳ ಗಂಡ ರಾಜೀವ ಹಳೆಯ ದೋಣಿಯ ಹಲಗೆಯಿಂದ ಎರಡು ಕಟ್ಟಿಗೆ ತುಂಡು ಕೊಯ್ದು, ಮಗಳ ಕೈಗೆ ಸಿಬಿರು ತಾಗದ ಹಾಗೆ ಉಜ್ಜಿ ಕೊಟ್ಟ. ಮಗಳು ಟಕಟಕ ಹೊಡೆದರೆ ಅವನು ಎಲ್ಲಿದ್ದರೂ ಓಡಿಬಂದು ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಬೇಕು. ಬಾರದಿದ್ದರೆ ಕತೆ ಶುರುವಾಗುವುದಿಲ್ಲ. ಬಲೆ ಕಟ್ಟುತ್ತಿದ್ದರೂ, ಊಟಕ್ಕೆ ಕೂತಿದ್ದರೂ ಅವನು ಬರುತ್ತಿದ್ದ.

"ನಾ ಕರ್ದ್ರೆ ಹತ್ತ್ ಸಲ ಕರೀಕ್," ಜಲಜ ಗೊಣಗುವಳು. "ಅವ್ಳ್ ಟಕ್ ಅಂದ್ರೆ ಸಾಕ್."

"ನೀನೂ ಕತಿ ಹೇಳ್, ಬತ್ತೆ," ಎನ್ನುವನು ರಾಜೀವ.

ಮರುವರ್ಷದ ಮಳೆಗಾಲದಲ್ಲಿ ರಾಜೀವ ಹೋದ. ದೊಡ್ಡ ಬೋಟುಗಳು ದಡ ಸೇರಿದ ಆ ದಿನಗಳಲ್ಲಿ ನಾಡದೋಣಿಗಳು ಮಾತ್ರ ಕಡಲಿಗೆ ಇಳಿಯುತ್ತವೆ. ಹಿಂದೆ ಬರುವಾಗ ಅಳಿವೆಯ ಬಾಯಲ್ಲಿ ಎದ್ದ ತೆರೆಗೆ ದೋಣಿ ಮಗುಚಿತು. ಉಳಿದವರು ಈಜಿ ಬಂದರು. ಒಬ್ಬ ಬರಲಿಲ್ಲ. ರಾಜೀವನ ಅಣ್ಣ ಭೋಜರಾಜ ಜನ ಕಟ್ಟಿಕೊಂಡು ಉತ್ತರಕ್ಕೆ ಶಿರೂರಿನ ತನಕ ದಡ ಹುಡುಕಿದ. ಹೆಣ ಸಿಗಲಿಲ್ಲ.

ಊರಿನ ಬಾಯಲ್ಲಿ ಒಂದು ಮಾತು ಹುಟ್ಟಿಕೊಂಡಿತು: "ಸಿಕ್ಲಿಲ್ಲ." ಜಲಜಳೂ ಅದನ್ನೇ ಹೇಳತೊಡಗಿದಳು. ಯಾರು ಕೇಳಿದರೂ "ಇನ್ನೂ ಸಿಕ್ಲಿಲ್ಲ" ಅನ್ನುವಳು. ಅದರಾಚೆಯ ಮಾತು ಅವಳ ನಾಲಗೆಗೆ ಬರುತ್ತಿರಲಿಲ್ಲ. ಚೇತನಾ ಮಾತೂ ಬಿಟ್ಟಳು, ಊಟವೂ ಬಿಟ್ಟಳು. ಗಂಜಿಯ ಬಟ್ಟಲನ್ನು ಎದುರಿಗಿಟ್ಟರೆ ಅದು ತಣಿದು ಕೆನೆಗಟ್ಟುವ ತನಕ ನೋಡುತ್ತ ಕೂರುತ್ತಿದ್ದಳು. ಡಾಕ್ಟರು ಟಾನಿಕ್ ಬರೆದುಕೊಟ್ಟರು. ಅಜ್ಜಿಯರು ಮಂತ್ರಿಸಿದ ನೂಲು ಕಟ್ಟಿದರು. ಯಾವುದರಿಂದಲೂ ಏನೂ ಆಗಲಿಲ್ಲ. ಕೊನೆಗೆ ಜಲಜ ಶಾಲೆಯ ಮೇಷ್ಟ್ರ ಮೂಲಕ ಗೋವರ್ಧನನಿಗೆ ಹೇಳಿಕಳಿಸಿದಳು.

ಅವನು ಮಳೆಯಲ್ಲೇ ಬಂದ. ಚಾವಡಿಯಲ್ಲಿ ಪೆಟ್ಟಿಗೆಯಿಟ್ಟು ಕೊಕ್ಕರೆಯ ಕಟ್ಟು ತೆಗೆದ. ಚೇತನಾ ತಲೆಯಲ್ಲಾಡಿಸಿ ಕೆಂಪು ದಾರದ ಕಟ್ಟನ್ನು ತೋರಿಸಿದಳು. ಎಷ್ಟೋ ದಿನದ ಮೇಲೆ ಅವಳು ಏನನ್ನಾದರೂ ಬೇಕು ಅಂದದ್ದು ಅದೇ ಮೊದಲು. ಗೋವರ್ಧನ ಜಲಜಳನ್ನು ಅಂಗಳದ ಮೂಲೆಗೆ ಕರೆದ.

"ಅಕ್ಕ, ಈ ಕತಿ ಬ್ಯಾಡ. ಆಮಿನ ಬದುಕ್ಸಿದ್ದಕ್ಕೆ ಅದ್ ಅವ್ನನ್ ಕಡಲಡೀಗಿನ್ ಅರಮನಿಗ್ ಕರ್ಕಂಡ್ ಹೋತ್ತ್. ಅಲ್ಲಿ ಸುಖವಾಗಿ ಇತ್ತ. ಮನಿ ನೆನ್ಪಾಯಿ ವಾಪಸ್ ಬಂದ್ರೆ ಇಲ್ಲಿ ನೂರಾರ್ ವರ್ಷ ಕಳ್ದಿತ್ತ್. ಮನ್ಯವ್ರ್ ಯಾರೂ ಇಲ್ಲ. ಅವ್ನೂ ಒಂದ್ ಗಳಿಗ್ಯಂಗೆ ಮುದ್ಕ ಆಯಿ ಹೋತ್ತ."

ಜಲಜ ಒಳಗೆ ನೋಡಿದಳು. ಚೇತನಾ ಆಗಲೇ ಪೆಟ್ಟಿಗೆಯ ಎದುರು ಚಕ್ಕಳಮಕ್ಕಳ ಹಾಕಿ ಕೂತಿದ್ದಳು, ಅಪ್ಪ ಕೂರುತ್ತಿದ್ದ ಹಾಗೆಯೇ.

"ವಾಪಸ್ ಬಂದ ಅಂಬಲ್ಲಿಗೆ ನಿಲ್ಸಿ," ಅಂದಳು. "ಕಡಿ ರಟ್ಟ್ ತೋರ್ಸುದ್ ಬ್ಯಾಡ. ಮಂಗಳ ಹಾಡ್ತ್ರಿ ಅಲ್ದಾ, ಅಲ್ಲೇ ಹಾಡಿ."

ಮೇಳದ ಮನುಷ್ಯ. ಆಟ ಬೆಳಗಿನ ತನಕ ಎಳೆಯದಿದ್ದರೆ ಪ್ರಸಂಗವನ್ನು ನಡುವೆಯೇ ಮೊಟಕು ಮಾಡಿ, ಒಂದು ಒಳ್ಳೆಯ ಕಡೆ ಮಂಗಳ ಹಾಡಿ ಏಳುವುದು ಅವನಿಗೆ ಹೊಸದಲ್ಲ. ಅವನು ಒಪ್ಪಿದ.

ಆ ದಿನ ಅವನು ಹೇಳಿದ ಹಾಗೆ ಯಾವ ದಿನವೂ ಹೇಳಿರಲಿಕ್ಕಿಲ್ಲ. ಅರಮನೆಯ ಹವಳದ ಕಂಬ, ಬಡಿಸಲು ನಿಂತ ಮೀನುಗಳು, ಸಮುದ್ರರಾಜನ ಮಗಳ ಸ್ವರ. ಆಮೆಯ ಬೆನ್ನ ಮೇಲೆ ಮೀನುಗಾರ ದಡಕ್ಕೆ ಮರಳುವ ಚಿತ್ರ ಬಂದಾಗ ಒಂದು ಕ್ಷಣ ನಿಂತು ಬಾಗಿಲಲ್ಲಿದ್ದ ಜಲಜಳನ್ನು ನೋಡಿದ. ಅಲ್ಲಿಗೆ ಸಾಕೆಂದು ಅವಳು ತಲೆಯಲ್ಲಾಡಿಸಿದಳು.

"ಬಂದ," ಅಂದ ಗೋವರ್ಧನ. "ಮನೆಗೆ ಬಂದ. ಬಿಸಿ ಗಂಜಿ ಬಡಿಸಿದರು, ಸುಟ್ಟ ಬಂಗಡೆ ಬಡಿಸಿದರು. ಉಂಡ." ಬಾಗಿಲು ಮುಚ್ಚಿ ಮಂಗಳ ಹಾಡಿದ.

ಚೇತನಾ ಅಂದು ಎರಡು ಬಟ್ಟಲು ಗಂಜಿ ಉಂಡಳು. ಜಲಜ ಅಡಿಗೆಮನೆಯಲ್ಲಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು.

ಅದರ ಮಾರನೆಯ ದಿನದಿಂದ ಹುಡುಗಿ ಸಂಜೆ ಶಾಲೆ ಬಿಟ್ಟ ಕೂಡಲೇ ನೇರ ಅಳಿವೆಯ ಬಾಯಿಗೆ ಹೋಗತೊಡಗಿದಳು. ಕಲ್ಲಿನ ದಂಡೆಯ ಮೇಲೆ ನಿಂತು, ಅಪ್ಪ ಕೊಯ್ದುಕೊಟ್ಟ ಕಟ್ಟಿಗೆ ತುಂಡುಗಳನ್ನು ನೀರಿನ ಕಡೆ ಹಿಡಿದು ಹೊಡೆಯುವಳು. ಟಕ್. ಟಕ್. ಟಕಟಕಟಕ. ಅಲ್ಲೇ ಬದಿಯ ಐಸ್ ಪ್ಲಾಂಟಿನಲ್ಲಿ ಕೆಲಸ ಮಾಡುವ ಹೆಂಗಸರು ಮೊದಮೊದಲು ಕಣ್ಣೊರೆಸಿಕೊಂಡರು. ಆಮೇಲೆ ಆ ಸದ್ದು ಕೇಳಿದರೆ ಬಾಗಿಲು ಎಳೆದುಕೊಂಡರು. ಮಗಳು ಉಣ್ಣುತ್ತಿದ್ದಾಳೆ, ಮಾತಾಡುತ್ತಿದ್ದಾಳೆ. ಜಲಜ ಅವಳನ್ನು ತಡೆಯಲಿಲ್ಲ. ಅಪ್ಪಯ್ಯ ಎಲ್ಲಿ ಎಂದು ಯಾರಾದರೂ ಕೇಳಿದರೆ ಚೇತನಾ "ಅರಮನ್ಯಂಗೆ ಇತ್ರ್. ಬತ್ರ್," ಅನ್ನುವಳು.

ಚೌತಿ ಕಳೆದ ಮೇಲೆ ಭೋಜರಾಜ ಬಂದು ಕೂತ. ಹೆಣ ಸಿಗದಿದ್ದರೆ ದರ್ಭೆಯ ಬೊಂಬೆ ಮಾಡಿ ದಹನ ಮಾಡಬಹುದು ಎಂದು ಪುರೋಹಿತರು ಹೇಳಿದ್ದರು. ಗಂಡುಮಗನಿಲ್ಲದ ಕಾರಣ ಅಣ್ಣನೇ ಬೆಂಕಿ ಇಡುವುದು. ಆದರೆ ಬೊಂಬೆ ಕಟ್ಟುವ ದರ್ಭೆಯನ್ನು ಮಗಳು ಮುಟ್ಟಿ ಕೊಡಬೇಕು. ಅವರ ಕುಟುಂಬದಲ್ಲಿ ನಡೆದುಬಂದದ್ದು ಹಾಗೆ.

ಚೇತನಾ ಗೋಡೆಯಲ್ಲಿದ್ದ ಅಪ್ಪನ ಫೋಟೋ ಇಳಿಸಿ ಅಪ್ಪಿಕೊಂಡು ಮೂಲೆಗೆ ಸರಿದಳು. "ಬೊಂಬಿ ಸುಟ್ರೆ ಅಪ್ಪಯ್ಯಂಗೆ ಬಪ್ಕ್ ಆಪ್ದಿಲ್ಲ! ನಾ ಮುಟ್ಟುದಿಲ್ಲ!"

ಭೋಜರಾಜ ಜಲಜಳ ಕಡೆ ತಿರುಗಿದ. "ಕತಿ ಹೇಳ್ಸಿದ್ಯಲ್ಲ ಮಾರಾಯ್ತಿ, ಕಾಣ್ ಈಗ! ನನ್ ತಮ್ಮ ಅತ್ಲಾಗೂ ಇಲ್ಲ, ಇತ್ಲಾಗೂ ಇಲ್ಲ. ಅವಂಗ್ ಒಂದ್ ಹನಿ ನೀರ್ ಬಿಡುಕೂ ಆಗ್ದಂಗ್ ಮಾಡ್ದೆ."

"ಇನ್ನೂ ಸಿಕ್ಲಿಲ್ಲ ಅಲ್ದಾ ಬಾವ," ಅಂದಳು ಜಲಜ, ಅಷ್ಟೇ.

ಮಳೆ ನಿಂತು ದಡದಿಂದ ಎಳೆಯುವ ಕೈರಂಪಣಿ ಬಲೆ ಶುರುವಾಯಿತು. ಒಂದು ಬೆಳಿಗ್ಗೆ ಬಲೆಯಲ್ಲಿ ದೊಡ್ಡದೊಂದು ಆಮೆ ಬಂತು. ಬಲೆಗೆ ಬಿದ್ದ ಆಮೆಗೆ ಅರಿಶಿನ ಕುಂಕುಮ ಹಚ್ಚಿ ಕೈಮುಗಿದು ನೀರಿಗೆ ಬಿಡುವುದು ಅಲ್ಲಿನ ರೂಢಿ. ಹಾಗೆ ಬಿಟ್ಟರು. ಜನರ ಕಾಲುಗಳ ನಡುವೆ ನಿಂತಿದ್ದ ಚೇತನಾಳನ್ನು ಯಾರೂ ಗಮನಿಸಲಿಲ್ಲ. ಆಮೆ ತೆರೆಯೊಳಗೆ ಜಾರುತ್ತಿದ್ದಂತೆ ಅವಳು ಓಡಿಹೋಗಿ ಅದರ ಚಿಪ್ಪನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದಳು.

ಬಲೆ ಎಳೆಯುವವರು ಹಿಡಿದು ತಂದಾಗ ಹುಡುಗಿಯ ತುಟಿ ನೀಲಿಯಾಗಿತ್ತು. ಮರಳಿನ ಮೇಲೆ ಕವುಚಿ ಹಾಕಿ ಬೆನ್ನು ಒತ್ತಿದರು. ನೀರು ಕಾರಿದಳು. ಜಲಜ ಓಡಿಬಂದಾಗ ಅವಳು ಕಣ್ಣು ಬಿಟ್ಟು ಹೇಳಿದ ಮೊದಲ ಮಾತು, "ಬಿಡಿ ಅಂದ್ರೂ ಬಿಡ್ಲಿಲ್ಲ ಅಮ್ಮ. ಅದ್ ಕರ್ಕಂಡ್ ಹೋತಿತ್ತ್."

ಎರಡು ದಿನ ಜ್ವರ. ಮೂರನೆಯ ದಿನ ಜಲಜ ಮಗಳ ಕೈ ಹಿಡಿದು ಕಡವು ದಾಟಿ, ಕುಂದಾಪುರದಲ್ಲಿ ಕೋಟದ ಬಸ್ಸು ಹತ್ತಿದಳು.

ಗೋವರ್ಧನ ಜಗಲಿಯಲ್ಲಿ ಕೂತು ಮೇಳದ ರವಕೆಯೊಂದಕ್ಕೆ ಜರಿ ಹೊಲಿಯುತ್ತಿದ್ದ. ಇವರನ್ನು ಕಂಡು ಏಳಲು ಹೋದ.

"ಏಳ್ಬ್ಯಾಡಿ. ಪೆಟ್ಗಿ ತನ್ನಿ," ಅಂದಳು ಜಲಜ. "ಆಮಿ ಕತಿ ಕಡಿ ರಟ್ಟ್ ತೋರ್ಸಿ."

"ನೀವೇ ಬ್ಯಾಡ ಅಂದಿರಿ ಅಕ್ಕ."

"ಆಗ ಬ್ಯಾಡ ಅಂದೆ. ಈಗ ಬೇಕ್ ಅಂಬುದೂ ನಾನೇ."

"ಮಗು ಅದ್. ತಡ್ಕಂತಿಲ್ಲ."

"ನೀರಂಗೆ ಬಿದ್ದ್ ಸಾಯುಕ್ ಹೋಯಿತ್ತ್ ಗೋವರ್ಧನಣ್ಣ. ಇನ್ ಎಂತ ತಡ್ಕಂಬುದ್?"

ಅವನು ರವಕೆಯನ್ನು ಬದಿಗಿಟ್ಟ. ಪೆಟ್ಟಿಗೆ ತಂದು ಮಗುವಿನ ಎದುರು ಇಟ್ಟು ಅದರ ಹಿಂದೆ ಕೂತ. ಕಟ್ಟಿಗೆ ಹೊಡೆಯಲಿಲ್ಲ. ಬಾಗಿಲು ತೆರೆದು, ಮೀನುಗಾರ ದಡಕ್ಕೆ ಮರಳುವ ಚಿತ್ರದಿಂದ ಶುರುಮಾಡಿದ. ಹೆಂಗಸಿನ ಸ್ವರವಿಲ್ಲ, ರಾಜನ ಸ್ವರವಿಲ್ಲ. ಮನೆಯ ಜಗಲಿಯಲ್ಲಿ ಮಾತಾಡುವ ದನಿಯಲ್ಲಿ ಹೇಳಿದ: ದಡದಲ್ಲಿ ಅವನನ್ನು ಯಾರೂ ಗುರುತು ಹಿಡಿಯಲಿಲ್ಲ. ಮನೆಯಿದ್ದ ಜಾಗದಲ್ಲಿ ಹುಲ್ಲು ಬೆಳೆದಿತ್ತು. ಅರಮನೆಯಲ್ಲಿ ಕೊಟ್ಟಿದ್ದ ಕರಡಿಗೆಯನ್ನು ತೆರೆಯಬಾರದು ಅಂದಿದ್ದರು, ತೆರೆದ. ಬಿಳಿ ಹೊಗೆ ಎದ್ದಿತು. ಆಮೇಲೆ ಕೊನೆಯ ರಟ್ಟು. ಖಾಲಿ ದಡದಲ್ಲಿ, ಮೈಯೆಲ್ಲ ಸುಕ್ಕಾದ, ಬಿಳಿ ಗಡ್ಡದ ಮುದುಕನೊಬ್ಬ ಒಂಟಿಯಾಗಿ ಕೂತಿದ್ದ.

ಚೇತನಾ ರಟ್ಟಿನ ಹತ್ತಿರಕ್ಕೆ ಬಾಗಿದಳು.

"ಅವ್ನ ಅಮ್ಮ ಎಲ್ಲಿ?"

"ಇಲ್ಲ ಮಗಾ. ಅವ ಬಪ್ಪತಿಗೆ ತೀರಿ ಹೋಯಿತ್ತ್."

"ಹಂಗಾರೆ ಅಪ್ಪಯ್ಯ ಬಪ್ಪತಿಗೆ ನಾನೂ ಅಮ್ಮನೂ ಇಪ್ದಿಲ್ಯಾ?"

ರಂಗಸ್ಥಳದಲ್ಲಿ ಎದುರು ವೇಷದವನು ಏನೇ ಕೇಳಿದರೂ ಥಟ್ಟನೆ ಉತ್ತರ ಕೊಟ್ಟಿದ್ದ ಗೋವರ್ಧನ ಈಗ ರಟ್ಟಿನಿಂದ ಕೈ ತೆಗೆದ. ಅವನು ಜಲಜಳನ್ನು ನೋಡಿದ. ಈ ಪ್ರಶ್ನೆ ಅವನಿಗೆ ಕೇಳಿದ್ದಲ್ಲವೆಂದು ಜಲಜಳಿಗೆ ಗೊತ್ತಾಯಿತು. ಎರಡು ಸಲವೂ ಕತೆ ಹೇಳುವವನನ್ನು ತನ್ನ ಮತ್ತು ಮಗಳ ನಡುವೆ ನಿಲ್ಲಿಸಿಕೊಂಡು ತಾನು ಹೇಳಬೇಕಾದದ್ದನ್ನು ಅವನಿಂದ ಹೇಳಿಸಲು ನೋಡಿದ್ದಳು. ಅವಳು ಮಗಳ ಎದುರು ನೆಲಕ್ಕೆ ಕೂತಳು.

"ಅಪ್ಪಯ್ಯ ಬಪ್ದಿಲ್ಲ ಮಗಾ. ಅರಮನಿ ಇಲ್ಲ, ಎಂತದೂ ಇಲ್ಲ. ದೋಣಿ ಮಗ್ಚಿತ್. ಅಪ್ಪಯ್ಯ ನೀರಂಗೆ ಮುಳ್ಗಿ ಸತ್ತ್ರ್."

ಆ ಕೊನೆಯ ಶಬ್ದ ಅವಳ ಬಾಯಿಂದ ಹೊರಬಿದ್ದದ್ದು ಅದೇ ಮೊದಲು.

ಚೇತನಾ ಅಳಲಿಲ್ಲ. ಕೈ ಚಾಚಿ ಕೊನೆಯ ರಟ್ಟನ್ನು ಹಿಡಿದು ಸರ್ರನೆ ಎಳೆದಳು. ಅದರ ಹಿಂದೆ ಇನ್ನೊಂದು ಚಿತ್ರವಿದೆಯೆಂದು ಅವಳು ಎಣಿಸಿರಬೇಕು. ಇರಲಿಲ್ಲ. ಖಾಲಿ ಚೌಕಟ್ಟಿನ ಆಚೆ ಗೋವರ್ಧನನ ಮುಖ ಕಂಡಿತು. ತೆಳ್ಳಗಿನ ಹುಬ್ಬು, ಒದ್ದೆ ಕಣ್ಣು. ಅವನ ಕೈಗಳು ಅಭ್ಯಾಸದ ಬಲದಿಂದ ಮೇಲೆದ್ದು ಮುಗಿಯಲು ಹೊರಟಿದ್ದವು.

"ಮಂಗಳ ಹಾಡ್ಬ್ಯಾಡಿ," ಅಂದಳು ಚೇತನಾ.

ಅವನು ಕೈ ಇಳಿಸಿದ. ಪೆಟ್ಟಿಗೆಯ ಬಾಗಿಲು ತೆರೆದೇ ಇತ್ತು. ತಾಯಿ ಮಗಳು ಎದ್ದು ಬಸ್ಸಿಗೆ ನಡೆದರು. ಬಸ್ಸು ಕುಂದಾಪುರ ಮುಟ್ಟುವ ಹೊತ್ತಿಗೆ ಹುಡುಗಿ ಅಳಲು ಶುರುಮಾಡಿದಳು. ಕಡವಿನಲ್ಲೂ ಅತ್ತಳು, ಮನೆಯಲ್ಲೂ ಅತ್ತಳು.

ಆ ವಾರವೇ ಬೊಂಬೆ ಕಟ್ಟಿದರು. ದೊಡ್ಡಪ್ಪ ದರ್ಭೆಯ ಕಟ್ಟನ್ನು ಮುಂದೆ ಹಿಡಿದಾಗ ಚೇತನಾ ಬೆರಳ ತುದಿಯಿಂದ ಮುಟ್ಟಿದಳು. ಅಪ್ಪ ಕೊಯ್ದ ಕಟ್ಟಿಗೆ ತುಂಡುಗಳನ್ನು ಅವಳು ಮತ್ತೆ ಕೈಗೆತ್ತಿಕೊಳ್ಳಲಿಲ್ಲ. ಬಿಸಾಡಲೂ ಬಿಡಲಿಲ್ಲ. ಕಪಾಟಿನ ಒಂದು ಕಾಲು ಗಿಡ್ಡವಾಗಿತ್ತು, ಜಲಜ ಅದರಡಿಗೆ ಇಟ್ಟಳು.

ಮುಂದಿನ ಜೂನಿನಲ್ಲಿ ಗೋವರ್ಧನ ಗಂಗೊಳ್ಳಿಯ ಶಾಲೆಗೆ ಬಂದ. ಟಕ್ ಎಂಬ ಸದ್ದು ಕೇಳಿದ್ದೇ ತಡ, ಚೇತನಾ ಕಿವಿ ಮುಚ್ಚಿಕೊಂಡು ತರಗತಿಯಿಂದ ಎದ್ದು ಹೊರಗೆ ಹೋಗಿ ಮಳೆಯಲ್ಲಿ ನಿಂತಳು. ಅವನು ಹಿಡಿದ ಕತೆಯನ್ನು ಮುಗಿಸಿದ. ಮತ್ತೆ ಆ ಕಡವು ದಾಟಲಿಲ್ಲ.

ಆರು ವರ್ಷದ ಮೇಲೆ ಕುಂದಾಪುರದ ಬಸ್ ಸ್ಟ್ಯಾಂಡಿನಲ್ಲಿ ಜಲಜಳಿಗೆ ಅವನು ಸಿಕ್ಕಿದ. ಕೂದಲು ಬೆಳ್ಳಗಾಗಿತ್ತು, ಕೈಯಲ್ಲಿ ಊರುಗೋಲು, ಬೆನ್ನಿಗೆ ಅದೇ ಪೆಟ್ಟಿಗೆ.

"ಹ್ವಾಯ್ ಅಣ್ಣ, ಜಪಾನ್ ಇನ್ನೂ ಇತ್ತಾ?"

"ಇತ್ತಕ್ಕ. ಬಾಗ್ಲ್ ಒಂದ್ ಕಿತ್ತ್ ಹೋಯಿತ್." ಆಮೇಲೆ ಅವನೇ ಕೇಳಿದ, "ಮಗು?"

"ಒಂಬತ್ನೇ ಕ್ಲಾಸ್. ಓದ್ತ್. ಕಡಲ್ ಬದಿಗ್ ಹೋತಿಲ್ಲ. ಮೀನೂ ತಿಂತಿಲ್ಲ."

"ನನ್ ಸುದ್ದಿ ಎಂತಾರೂ ಹೇಳ್ತಾ?"

"ಇಲ್ಲ," ಅಂದಳು ಜಲಜ. ಸುಳ್ಳು ಹೇಳುವ ಅಭ್ಯಾಸ ಅವಳಿಗೆ ತಪ್ಪಿತ್ತು. "ಆಮಿ ಕತಿ ಹೇಳ್ತ್ರ್ಯಾ ಈಗ?"

"ಹೇಳ್ತೆ. ಕಡಿ ರಟ್ಟಿನ ತನಕ ಹೇಳ್ತೆ. ಅದೊಂದ್ ಕತಿಗೆ ಮಂಗಳ ಹಾಡುದಿಲ್ಲ."

ಬೈಂದೂರಿನ ಬಸ್ಸು ಬಂತು. ಅವನು ಪೆಟ್ಟಿಗೆಯನ್ನು ಮೊದಲು ಒಳಗಿಟ್ಟು, ಆಮೇಲೆ ಕಾಲು ಎಳೆದುಕೊಂಡು ಹತ್ತಿದ.

ಗೋವರ್ಧನ ಈಗಲೂ ಬೇಸಿಗೆಯಲ್ಲಿ ಮೇಳದ ಚೌಕಿಯಲ್ಲಿ ಸ್ತ್ರೀವೇಷದವರಿಗೆ ಸೀರೆ ಉಡಿಸುತ್ತಾನೆ, ಮಳೆಗಾಲದಲ್ಲಿ ಶಾಲೆ ಶಾಲೆಗೆ ಹೋಗಿ ಮಕ್ಕಳಿಗೆ ಜಪಾನಿನ ಕತೆ ಹೇಳುತ್ತಾನೆ. ಗಂಗೊಳ್ಳಿಗೆ ಹೋಗುವುದಿಲ್ಲ.